ಕಾದು ಕುಳಿತವರ ಹಕ್ಕು

ಇತ್ತೀಚೆಗೆ ನಮ್ಮ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ವಿಡಿಯೊಗಳು ಮತ್ತೆ ಮತ್ತೆ ಹರಿದಾಡುತ್ತಿವೆ. ಎರಡು ಮೂರು ವರ್ಷಗಳ ಬಳಿಕ ಮಗನೊಬ್ಬ ಯಾರಿಗೂ ತಿಳಿಸದೆ ಗಲ್ಫಿನಿಂದ ಮನೆಗೆ ಬರುತ್ತಾನೆ. ಗೆಳೆಯನೊಬ್ಬ ಮೊದಲೇ ಮೊಬೈಲ್ ಹಿಡಿದು ಸಿದ್ಧನಾಗಿರುತ್ತಾನೆ. ತಾಯಿ ಹಳೆಯ ಮ್ಯಾಕ್ಸಿ ತೊಟ್ಟು, ತಲೆವಸ್ತ್ರ ಜಾರಿದ್ದರೂ ಗಮನವಿಲ್ಲದೆ ಪಾತ್ರೆ ತೊಳೆಯುತ್ತಿರುತ್ತಾಳೆ. ತಿರುಗಿ ನೋಡಿದವಳು ಚೀರುತ್ತಾಳೆ, ಕುಸಿದು ಕೂರುತ್ತಾಳೆ, ಅಳುತ್ತಾಳೆ. ಕೋಣೆಯಿಂದ ಓಡಿ ಬಂದ ಪತ್ನಿ ಕ್ಯಾಮರಾ ಕಂಡು ಮುಖ ಮುಚ್ಚಿಕೊಂಡು ಒಳಗೆ ಸರಿಯುತ್ತಾಳೆ. ಅಪ್ಪನ ಗುರುತು ಸಿಗದ ಮಗು ಅಜ್ಜಿಯ ಸೆರಗು ಹಿಡಿದು ಅಡಗುತ್ತದೆ. ಹಿನ್ನೆಲೆಗೆ ಒಂದು ಹಾಡು. ಸಂಜೆಯೊಳಗೆ ಸಾವಿರಾರು ಮಂದಿ ಅದನ್ನು ನೋಡಿರುತ್ತಾರೆ. ಕೆಳಗೆ ಸಾಲು ಸಾಲಾಗಿ ‘ಮಾಶಾ ಅಲ್ಲಾಹ್’.

ಆ ಸಾಲಿನಲ್ಲಿ ನನ್ನದೊಂದು ‘ಮಾಶಾ ಅಲ್ಲಾಹ್’ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಬಂದವನ ಸಂತೋಷದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಇಪ್ಪತ್ತಮೂರು ವರ್ಷ ಸೌದಿಯ ಜುಬೈಲಿನಲ್ಲಿ ದುಡಿದು ಬಂದ ನನಗೆ ಆ ಸಂತೋಷದ ಬೆಲೆ ಗೊತ್ತು. ನನ್ನ ಪ್ರಶ್ನೆ ಇಷ್ಟೇ: ಆ ಗಳಿಗೆ ಯಾರದು? ಮೂರು ವರ್ಷ ದಾರಿ ನೋಡಿದವರು ಯಾರು? ಅವರು ಹೇಗೆ ಎದುರುಗೊಳ್ಳಬೇಕು, ಏನು ಉಟ್ಟುಕೊಂಡಿರಬೇಕು, ಯಾರ ಮುಂದೆ ಅಳಬೇಕು ಎಂಬುದನ್ನು ತೀರ್ಮಾನಿಸುವ ಹಕ್ಕನ್ನು ಅವರಿಂದ ಕಸಿದುಕೊಂಡು, ಅವರ ಕಣ್ಣೀರನ್ನು ಊರಿಗೆಲ್ಲ ಹಂಚುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಇದು ಒಂದು ವಿಡಿಯೊದ ವಿಷಯ ಮಾತ್ರವಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ದೂರ ದೇಶದಿಂದ ಮನೆಗೆ ಬರುವುದೆಂದರೆ ಏನು ಎಂಬುದನ್ನೇ ನಮ್ಮ ಸಮುದಾಯ ಮರೆಯುತ್ತಿದೆ. ಅದರ ಒಂದು ಲಕ್ಷಣವಾಗಿ ಮಾತ್ರ ಆ ವಿಡಿಯೊವನ್ನು ಇಲ್ಲಿ ಪ್ರಸ್ತಾಪಿಸಿದ್ದೇನೆ.

ಪ್ರವಾದಿಯವರು(ಸ) ಕಲಿಸಿದ ಮರಳುವಿಕೆ

ಇಸ್ಲಾಮ್ ಪ್ರಯಾಣಕ್ಕೆ ಹೊರಡುವ ಶಿಷ್ಟಾಚಾರವನ್ನು ಕಲಿಸಿರುವಂತೆಯೇ ಮರಳಿ ಬರುವ ಶಿಷ್ಟಾಚಾರವನ್ನೂ ಕಲಿಸಿದೆ. ನಾವು ಹೊರಡುವಾಗಿನ ದುಆವನ್ನು ವಿಮಾನದ ಆಸನದಲ್ಲಿ ಕುಳಿತು ಓದುತ್ತೇವೆ. ಮರಳುವಾಗಿನ ಸುನ್ನತ್‌ಗಳನ್ನು ಮಾತ್ರ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರುತ್ತೇವೆ.

ಜಾಬಿರ್(ರ) ವರದಿ ಮಾಡಿದ ಪ್ರಸಿದ್ಧ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ದೀರ್ಘಕಾಲ ಮನೆಯಿಂದ ದೂರವಿದ್ದವನು ರಾತ್ರಿ ಹಠಾತ್ತನೆ ಮನೆಯವರ ಬಳಿಗೆ ಬರಬಾರದೆಂದು ಪ್ರವಾದಿಯವರು(ಸ) ತಡೆದರು. ಒಂದು ಯುದ್ಧಯಾತ್ರೆಯಿಂದ ಮರಳುತ್ತಿದ್ದಾಗ ಮದೀನ ಹತ್ತಿರವಾಯಿತು. ಜಾಬಿರ್(ರ) ಹೊಸದಾಗಿ ಮದುವೆಯಾದವರು; ಮನೆ ಸೇರುವ ಆತುರ ಅವರಿಗಿತ್ತು. ಆದರೂ ಪ್ರವಾದಿಯವರು(ಸ) ತಮ್ಮ ಸಂಗಾತಿಗಳನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿದರು. ಕಾರಣವನ್ನೂ ಅವರೇ ಹೇಳಿದರು: ಕೆದರಿದ ಕೂದಲಿನವಳು ಬಾಚಿಕೊಳ್ಳಲಿ, ಪತಿಯ ಅಗಲಿಕೆಯಲ್ಲಿದ್ದವಳು ತನ್ನನ್ನು ಸಿದ್ಧಪಡಿಸಿಕೊಳ್ಳಲಿ ಎಂದು.

ಈ ಕಾರಣವನ್ನು ನಿಧಾನವಾಗಿ ಯೋಚಿಸಿರಿ. ಯುದ್ಧ ಮುಗಿಸಿ, ಬಿಸಿಲು ಧೂಳುಗಳಲ್ಲಿ ದಣಿದು ಬಂದ ಒಂದಿಡೀ ತಂಡವನ್ನು ಊರ ಬಾಗಿಲಲ್ಲಿ ನಿಲ್ಲಿಸಲಾಯಿತು. ಒಳಗಿರುವ ಹೆಣ್ಣೊಬ್ಬಳು ತಲೆ ಬಾಚಿಕೊಳ್ಳಲಿ ಎಂಬುದಕ್ಕಾಗಿ! ಬರುವವನ ಆತುರಕ್ಕಿಂತ ಕಾದವಳ ಘನತೆ ಇಲ್ಲಿ ದೊಡ್ಡದಾಯಿತು. ಇದೇ ವಿಷಯದ ಇನ್ನೊಂದು ವರದಿಯಲ್ಲಿ, ಮನೆಯವರ ಮೇಲೆ ಸಂಶಯಪಟ್ಟು ಅವರ ಲೋಪಗಳನ್ನು ಹುಡುಕಲೆಂದು ಹಾಗೆ ಬರುವುದನ್ನೂ ತಡೆಯಲಾಗಿದೆ. ಮುಂಚಿತವಾಗಿ ಸುದ್ದಿ ತಲುಪಿದ್ದರೆ ರಾತ್ರಿ ಬರುವುದರಲ್ಲಿ ತಪ್ಪಿಲ್ಲವೆಂದು ವಿದ್ವಾಂಸರು ವಿವರಿಸಿದ್ದಾರೆ. ಆದ್ದರಿಂದ ನಿಮ್ಮ ವಿಮಾನ ನಡುರಾತ್ರಿ ಎರಡು ಗಂಟೆಗೆ ಇಳಿಯುವುದು ಸಮಸ್ಯೆಯಲ್ಲ. ಒಂದು ಫೋನ್ ಕರೆಯಲ್ಲಿ ಮುಗಿಯುವ ಸುದ್ದಿಯನ್ನು ಬೇಕೆಂದೇ ಬಚ್ಚಿಡುವುದು ಸಮಸ್ಯೆ.

“ಅದು ಪ್ರೀತಿಯ ತಮಾಷೆ, ಸರ್‌ಪ್ರೈಸ್, ತಾಯಿಗೆ ಖುಷಿಯಾಗುತ್ತದಲ್ಲ?” ಎಂದು ಯುವಕರು ಕೇಳುತ್ತಾರೆ. ಖುಷಿಯಾಗುತ್ತದೆ, ನಿಜ. ಮಗ ಹೇಗೆ ಬಂದರೂ ತಾಯಿಗೆ ಖುಷಿಯೇ. ಆದರೆ ಬರುವ ದಿನ ಗೊತ್ತಿರುವ ಮನೆಯಲ್ಲಿ ಇನ್ನೊಂದು ಖುಷಿಯಿದೆ. ಅದು ಒಂದು ಗಳಿಗೆಯದಲ್ಲ, ಹದಿನೈದು ದಿನಗಳದು. ಹಾಸಿಗೆ ಬಿಸಿಲಿಗೆ ಬೀಳುತ್ತದೆ. ಪತ್ತಿರಿಗೆ ಅಕ್ಕಿಹಿಟ್ಟು ಸಿದ್ಧವಾಗುತ್ತದೆ. ಮಗು ಕ್ಯಾಲೆಂಡರಿನಲ್ಲಿ ದಿನಗಳ ಮೇಲೆ ಗೆರೆ ಎಳೆಯುತ್ತದೆ. ಆ ಹದಿನೈದು ದಿನಗಳ ನಿರೀಕ್ಷೆಯನ್ನು ಅವರಿಂದ ತೆಗೆದುಕೊಂಡು, ಬದಲಿಗೆ ನಾವು ಕೊಡುವುದು ಮೂವತ್ತು ಸೆಕೆಂಡುಗಳ ಒಂದು ವಿಡಿಯೊ.

ಸುನ್ನತ್ ಇಲ್ಲಿಗೇ ಮುಗಿಯುವುದಿಲ್ಲ. ಪ್ರಯಾಣದಿಂದ ಮರಳಿದಾಗ ಪ್ರವಾದಿಯವರು(ಸ) ಮೊದಲು ಮಸೀದಿಗೆ ಹೋಗಿ ಎರಡು ರಕ್‌ಅತ್ ನಮಾಝ್ ನಿರ್ವಹಿಸುತ್ತಿದ್ದರೆಂದು ಕಅಬ್ ಬಿನ್ ಮಾಲಿಕ್(ರ) ಹೇಳಿದ್ದಾರೆ. ಅವರು ಬರುವ ಸುದ್ದಿ ತಿಳಿದು ಕುಟುಂಬದ ಮಕ್ಕಳು ಎದುರುಗೊಳ್ಳಲು ಬರುತ್ತಿದ್ದರು. ಒಬ್ಬನನ್ನು ವಾಹನದ ಮುಂದೆ, ಇನ್ನೊಬ್ಬನನ್ನು ಹಿಂದೆ ಕೂರಿಸಿಕೊಂಡು ಅವರು ಮದೀನವನ್ನು ಪ್ರವೇಶಿಸಿದರೆಂದು ಅಬ್ದುಲ್ಲಾ ಬಿನ್ ಜಅಫರ್(ರ) ತಮ್ಮ ಬಾಲ್ಯವನ್ನು ನೆನೆದಿದ್ದಾರೆ. ಮದೀನಕ್ಕೆ ಬಂದು ಒಂಟೆಯನ್ನೋ ಹಸುವನ್ನೋ ಕೊಯ್ದು ಉಣಬಡಿಸಿದ ವರದಿಯೂ ಬುಖಾರಿಯಲ್ಲಿದೆ. ಮೊದಲು ಅಲ್ಲಾಹನಿಗೆ ಕೃತಜ್ಞತೆ, ಬಳಿಕ ಮಕ್ಕಳಿಗೆ ಮಡಿಲು, ಬಳಿಕ ಜನರಿಗೆ ಊಟ. ಮರಳುವಿಕೆಯ ಈ ಕ್ರಮದಲ್ಲಿ ಪ್ರದರ್ಶನಕ್ಕೆ ಎಲ್ಲಿಯೂ ಜಾಗವಿಲ್ಲ.

ನಾನೂ ಹಾಗೆ ಬಂದವನು

ಯುವಕರನ್ನು ದೂರುವ ಮುನ್ನ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. 2009ರಲ್ಲಿ ನಾನು ಹೀಗೆಯೇ ಬಂದಿದ್ದೆ. ಆಗ ವಿಡಿಯೊ ಇರಲಿಲ್ಲ, ಆದರೆ ಹುಚ್ಚು ಇದೇ ಆಗಿತ್ತು. ಎರಡೂವರೆ ವರ್ಷಗಳ ಬಳಿಕದ ರಜೆ. ಒಬ್ಬ ಗೆಳೆಯನ ಹೊರತು ಯಾರಿಗೂ ಹೇಳಿರಲಿಲ್ಲ. ಬಜ್ಪೆಯಲ್ಲಿ ಇಳಿದು ಬಂಟ್ವಾಳದ ಕಡೆಯ ನಮ್ಮ ಮನೆಗೆ ತಲುಪಿದಾಗ ರಾತ್ರಿ ಹತ್ತು ಗಂಟೆ ಕಳೆದಿತ್ತು. ದೀಪ ಆರಿತ್ತು. ಬಹಳ ಹೊತ್ತು ಬಾಗಿಲು ಬಡಿದ ಮೇಲೆ ಉಮ್ಮ ಹೆದರಿದ ದನಿಯಲ್ಲಿ, “ಯಾರದು?” ಎಂದು ಕೇಳಿದರು.

ಪತ್ನಿ ಮನೆಯಲ್ಲಿರಲಿಲ್ಲ. ಆಕೆಯ ತಂದೆ ಹಾಸಿಗೆ ಹಿಡಿದು ತಿಂಗಳಾಗಿತ್ತು. ಮಗಳನ್ನು ಕರೆದುಕೊಂಡು ಪುತ್ತೂರಿನ ತವರಿಗೆ ಹೋಗಿದ್ದಳು. ದೂರದಲ್ಲಿರುವ ನನಗೆ ಚಿಂತೆಯಾಗಬಾರದೆಂದು ಯಾರೂ ಹೇಳಿರಲಿಲ್ಲ. ಉಮ್ಮ ಒಬ್ಬರೇ ಗಂಜಿ, ಉಪ್ಪಿನಕಾಯಿ ಉಂಡು ಮಲಗಿದ್ದರು. ನನ್ನನ್ನು ಕಂಡು ಅವರು ಅತ್ತರು. ಸಂತೋಷದಿಂದ ಅಳುತ್ತಿದ್ದಾರೆಂದು ನಾನು ತಿಳಿದೆ. ಆದರೆ ಅವರು ಅಡುಗೆಮನೆಗೆ ಹೋಗಿ ಖಾಲಿ ಪಾತ್ರೆಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದರು.

“ಒಂದು ಮಾತು ಹೇಳಿದ್ದರೆ ಒಂದು ತುಂಡು ಮೀನಾದರೂ ತರಿಸಿಡುತ್ತಿದ್ದೆನಲ್ಲ ಮಗಾ!”

ಎರಡೂವರೆ ವರ್ಷ ದುಡಿದು ಬಂದ ಮಗನ ಮುಂದೆ ಗಂಜಿಯ ಬಟ್ಟಲಿಡಬೇಕಾದ ಸಂಕಟ ಅವರನ್ನು ಆ ರಜೆಯುದ್ದಕ್ಕೂ ಬಿಡಲಿಲ್ಲ. ಬಂದ ನೆಂಟರಿಗೆಲ್ಲ, “ಇವನು ಬಂದ ದಿನ ಮನೆಯಲ್ಲಿ ಏನೂ ಇರಲಿಲ್ಲ” ಎಂದು ತಪ್ಪೊಪ್ಪಿಕೊಳ್ಳುವವರಂತೆ ಹೇಳುತ್ತಿದ್ದರು. ಪತ್ನಿಯೂ ರೋಗಿ ತಂದೆಯನ್ನು ಬಿಟ್ಟು ಮರುದಿನವೇ ಓಡಿ ಬಂದಳು. ಹೆದರಿಸಿದವನು ನಾನು, ತಪ್ಪಿತಸ್ಥರಾದವರು ಅವರು. ಜಾಬಿರ್(ರ)ರ ಹದೀಸನ್ನು ನಾನು ಮದ್ರಸದಲ್ಲೇ ಕೇಳಿದ್ದೆ. ಅದು ಅರ್ಥವಾದದ್ದು ಆ ರಾತ್ರಿ.

ರಜೆಯ ಲೆಕ್ಕ

ಇನ್ನು ಆ ರಜೆಯ ದಿನಗಳು ಎಲ್ಲಿಗೆ ಹೋಗುತ್ತವೆಂಬ ಲೆಕ್ಕ ಹಾಕೋಣ. ಸೌದಿಯ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ ಕನಿಷ್ಠ 21 ದಿನ, ಒಂದೇ ಕಡೆ ಐದು ವರ್ಷ ತುಂಬಿದವನಿಗೆ 30 ದಿನ ಸಂಬಳ ಸಹಿತ ರಜೆ. ಯುಎಇಯಲ್ಲಿ ಒಂದು ವರ್ಷ ತುಂಬಿದವನಿಗೆ 30 ದಿನ. ನಮ್ಮಲ್ಲಿ ಅನೇಕರು ಅದನ್ನು ಕೂಡಿಟ್ಟು ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಅಂದರೆ ಏಳುನೂರ ಮೂವತ್ತು ದಿನಗಳ ಬಾಳಿನಲ್ಲಿ ಮನೆಗೆ ಸಿಗುವುದು ನಲವತ್ತೋ ಐವತ್ತೋ ದಿನ.

ಬಂದವನ ಮೊದಲ ಎರಡು ದಿನ ಪೆಟ್ಟಿಗೆ ಬಿಚ್ಚುವುದರಲ್ಲಿ ಮುಗಿಯುತ್ತದೆ. ಹಗ್ಗ ಬಿಗಿದು, ದಪ್ಪ ಮಾರ್ಕರಿನಲ್ಲಿ ಹೆಸರು ಬರೆದ ಆ ರಟ್ಟಿನ ಪೆಟ್ಟಿಗೆಯಿಂದ ಹಾಲಿನ ಪುಡಿ, ಟ್ಯಾಂಗ್, ಕಂಬಳಿ, ಅತ್ತರು, ತಲೆನೋವಿನ ಎಣ್ಣೆ ಹೊರಬರುತ್ತವೆ. ಯಾರಿಗೆ ಏನು ಎಂಬ ಪಟ್ಟಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಎರಡು ವರ್ಷ ಮಾತಿಲ್ಲ. ಬಳಿಕ ಮದುವೆಗಳು. ಬಳಿಕ ಜಾಗದ ನೋಂದಣಿ, ಕಟ್ಟುತ್ತಿರುವ ಮನೆಯ ಮೇಸ್ತ್ರಿ, ಬ್ಯಾಂಕು. ಬಳಿಕ ಚಂದಾ ಪುಸ್ತಕ ಹಿಡಿದು ಬರುವ ಸಮಿತಿಗಳು. ಬಳಿಕ ಗೆಳೆಯರ ಜೊತೆ ಮಡಿಕೇರಿ, ಊಟಿ. ಉಳಿದ ಹೊತ್ತಿನಲ್ಲಿ ಅವನು ಮನೆಯಲ್ಲೇ ಇರುತ್ತಾನೆ. ಕಣ್ಣು ಮಾತ್ರ ಮೊಬೈಲಿನಲ್ಲಿರುತ್ತದೆ. ಅಲ್ಲಿರುವಾಗ ದಿನವೂ ಒಂದು ಗಂಟೆ ಉಮ್ಮನ ಜೊತೆ ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದವನು, ಇಲ್ಲಿ ಅವಳ ಮಂಚದ ಪಕ್ಕದಲ್ಲೇ ಕುಳಿತು ಅಲ್ಲಿನ ರೂಮಿನವರ ಜೊತೆ ಮಾತನಾಡುತ್ತಾನೆ!

ಕುಟುಂಬ ಸಂಬಂಧವನ್ನು ಜೋಡಿಸುವುದೆಂದರೆ ಉಡುಗೊರೆಯ ಲೆಕ್ಕ ಸರಿದೂಗಿಸುವುದೆಂದು ನಾವು ಭಾವಿಸಿದ್ದೇವೆ. ಕೊಟ್ಟವರಿಗೆ ಮರಳಿ ಕೊಡುವವನು ನಿಜವಾದ ಸಂಬಂಧ ಜೋಡಿಸುವವನಲ್ಲ, ಸಂಬಂಧ ಕಡಿದುಕೊಂಡವರ ಜೊತೆಗೂ ಜೋಡಿಸುವವನೇ ನಿಜವಾಗಿ ಜೋಡಿಸುವವನು ಎಂಬುದು ಪ್ರವಾದಿಯವರ(ಸ) ಬೋಧನೆ. ಈ ಬೋಧನೆಯನ್ನು ಒರೆಗಲ್ಲಾಗಿಟ್ಟು ನಮ್ಮ ರಜೆಯನ್ನು ಉಜ್ಜಿ ನೋಡೋಣ. ಔತಣ ಕೊಟ್ಟ ಮನೆಗಳಿಗೆಲ್ಲ ಹೋಗಿ ಬಂದೆವು. ಜಾಗದ ಜಗಳದಲ್ಲಿ ಮಾತು ಬಿಟ್ಟ ಚಿಕ್ಕಪ್ಪನ ಮನೆಯ ಮುಂದೆ ಕಾರು ನಿಧಾನಿಸಿತೇ?

ಇಬ್ರಾಹೀಮರ(ಅ) ಭೇಟಿ

ದೂರ ದೇಶದಲ್ಲಿರುವ ಕುಟುಂಬವನ್ನು ವರ್ಷಗಳ ಬಳಿಕ ಕಾಣಲು ಹೋದ ಒಬ್ಬ ತಂದೆಯ ವೃತ್ತಾಂತ ಬುಖಾರಿಯಲ್ಲಿದೆ. ಇಬ್ನು ಅಬ್ಬಾಸ್(ರ) ವರದಿ ಮಾಡಿದ ಆ ದೀರ್ಘ ಹದೀಸಿನಲ್ಲಿ ಹಾಜರಾ ಮತ್ತು ಝಮ್‌ಝಮ್‌ನ ಭಾಗವನ್ನು ನಾವೆಲ್ಲ ಬಲ್ಲೆವು. ಅದರ ಮುಂದಿನ ಭಾಗವನ್ನು ಅಷ್ಟಾಗಿ ನೆನೆಯುವುದಿಲ್ಲ.

ಇಸ್ಮಾಈಲ್(ಅ) ಬೆಳೆದು ಮದುವೆಯಾದ ಬಳಿಕ, ತಾನು ಬಿಟ್ಟು ಹೋದವರನ್ನು ನೋಡಲು ಇಬ್ರಾಹೀಮ್(ಅ) ಮಕ್ಕಾಕ್ಕೆ ಬಂದರು. ಮಗ ಮನೆಯಲ್ಲಿರಲಿಲ್ಲ; ಅನ್ನ ಹುಡುಕಿಕೊಂಡು ಹೊರಗೆ ಹೋಗಿದ್ದರು. ಸೊಸೆಯ ಬಳಿ ಇಬ್ರಾಹೀಮ್(ಅ) ಕೇಳಿದ್ದು ಅವರ ಬದುಕಿನ ಬಗ್ಗೆ, ಅವರ ಸ್ಥಿತಿಗತಿಯ ಬಗ್ಗೆ. ಆಕೆ ಬರೀ ಕಷ್ಟವನ್ನು ಹೇಳಿ ದೂರಿಕೊಂಡಳು. ಬಾಗಿಲ ಹೊಸ್ತಿಲನ್ನು ಬದಲಿಸುವಂತೆ ಮಗನಿಗೆ ಸಂದೇಶ ಬಿಟ್ಟು ಅವರು ಮರಳಿದರು. ಮತ್ತೊಮ್ಮೆ ಬಂದಾಗಲೂ ಮಗ ಸಿಗಲಿಲ್ಲ. ಈ ಬಾರಿ ಮನೆಯಲ್ಲಿದ್ದ ಇನ್ನೊಬ್ಬ ಸೊಸೆ ಅಲ್ಲಾಹನನ್ನು ಸ್ತುತಿಸಿದಳು. ನಿಮ್ಮ ಆಹಾರವೇನು, ಪಾನೀಯವೇನು ಎಂದು ಅವರು ಕೇಳಿದರು. ಮಾಂಸ ಮತ್ತು ನೀರು ಎಂಬ ಉತ್ತರ ಬಂತು. ಅವೆರಡರಲ್ಲೂ ಬರ್ಕತ್ ಕೊಡೆಂದು ಅಲ್ಲಾಹನಲ್ಲಿ ಬೇಡಿ, ಆ ಹೊಸ್ತಿಲನ್ನು ಭದ್ರವಾಗಿರಿಸಿಕೊಳ್ಳುವಂತೆ ಮಗನಿಗೆ ಸಂದೇಶ ಬಿಟ್ಟು ಹೋದರು. ಮೂರನೆಯ ಬಾರಿ ಬಂದಾಗ ಝಮ್‌ಝಮ್ ಬಳಿಯ ಮರದಡಿ ಬಾಣಗಳನ್ನು ಸರಿಪಡಿಸುತ್ತಿದ್ದ ಮಗ ಸಿಕ್ಕರು. ಮಗ ಎದ್ದು ಬಂದರು. ಒಬ್ಬ ತಂದೆ ಮಗನೊಂದಿಗೆ, ಒಬ್ಬ ಮಗ ತಂದೆಯೊಂದಿಗೆ ಹೇಗೆ ವರ್ತಿಸುವರೋ ಹಾಗೆಯೇ ಪರಸ್ಪರ ಕಂಡರು. ಕಅಬಾದ ಗೋಡೆಗಳನ್ನು ಅವರಿಬ್ಬರೂ ಸೇರಿ ಎತ್ತಿದ್ದು ಆ ಭೇಟಿಯಲ್ಲೇ.

ಈ ವೃತ್ತಾಂತದಲ್ಲಿ ಪೆಟ್ಟಿಗೆಯ ಪ್ರಸ್ತಾಪವಿಲ್ಲ. ವಿಚಾರಣೆಯಿದೆ, ಪ್ರಾರ್ಥನೆಯಿದೆ, ಮಗ ಸಿಗದಿದ್ದಾಗ ಮತ್ತೆ ಬರುವ ಹಟವಿದೆ. ನೀವು ಹೇಗೆ ಬದುಕುತ್ತಿದ್ದೀರಿ, ಏನು ತಿನ್ನುತ್ತಿದ್ದೀರಿ? ಎಷ್ಟು ಸರಳವಾದ ಪ್ರಶ್ನೆಗಳು! ನಮ್ಮಲ್ಲಿ ಎಷ್ಟು ಮಂದಿ ರಜೆಯಲ್ಲಿ ಬಂದು ಪತ್ನಿಯ ಎದುರು ಕುಳಿತು, ನಾನಿಲ್ಲದ ಈ ಎರಡು ವರ್ಷ ನೀನು ಹೇಗೆ ಕಳೆದೆ ಎಂದು ಕೇಳಿದ್ದೇವೆ? ಕಳುಹಿಸಿದ ಹಣಕ್ಕೆ ಲೆಕ್ಕ ಕೇಳಿದ್ದೇವೆ. ಕಳೆದ ದಿನಗಳಿಗೆ ಕೇಳಿಲ್ಲ.

ಪ್ರಯಾಣ ಮುಗಿಯುವುದು ಯಾವಾಗ?

ಪ್ರಯಾಣವು ಯಾತನೆಯ ಒಂದು ತುಂಡು. ಅದು ಮನುಷ್ಯನ ಅನ್ನ, ನೀರು, ನಿದ್ದೆಗಳನ್ನು ತಡೆಯುತ್ತದೆ. ಆದ್ದರಿಂದ ಹೋದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗ ಮರಳಬೇಕು ಎಂಬುದು ಪ್ರವಾದಿಯವರ(ಸ) ಉಪದೇಶ. ‘ಕೆಲಸ ಮುಗಿದೊಡನೆ’ ಎಂಬಲ್ಲಿ ನಮ್ಮ ಕಾಲು ಸಿಕ್ಕಿಕೊಂಡಿದೆ. ನಮ್ಮ ಕೆಲಸ ಮುಗಿಯುವುದೇ ಇಲ್ಲ. ತಂಗಿಯ ಮದುವೆಗೆಂದು ಹೋದೆವು. ಆಮೇಲೆ ಮನೆ. ಆಮೇಲೆ ಮನೆಯ ಮೇಲೊಂದು ಅಂತಸ್ತು. ಆಮೇಲೆ ಮಂಗಳೂರಿನಲ್ಲೊಂದು ಫ್ಲ್ಯಾಟ್. ಅಷ್ಟರಲ್ಲಿ ಮಗಳ ಮದುವೆ. ಕಟ್ಟಿದ ಎರಡಂತಸ್ತಿನ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬಳೇ ಕೆಳಗಿನ ಒಂದು ಕೋಣೆಯಲ್ಲಿ ಬದುಕುತ್ತಾಳೆ. ಗೋಡೆಯ ಮೇಲೆ ಸಿಸಿಟಿವಿ ಕ್ಯಾಮರಾ. ದೋಹಾದಲ್ಲಿರುವ ಮಗ ಅದರಲ್ಲಿ ತಾಯಿಯ ನಡೆದಾಟ ನೋಡಿ, “ಉಮ್ಮ ಇಂದು ಚೆನ್ನಾಗಿದ್ದಾರೆ” ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಕಳ್ಳರಿಗೆಂದು ಇಟ್ಟ ಕ್ಯಾಮರಾದಲ್ಲಿ ತಾಯಿಯ ಕ್ಷೇಮ ವಿಚಾರಿಸುವ ಕಾಲ ಬಂದಿದೆ.

ವಿದ್ಯೆ ಕಲಿಯಲು ಬಂದವರನ್ನೂ ಪ್ರವಾದಿಯವರು(ಸ) ಅನಗತ್ಯವಾಗಿ ಉಳಿಸಿಕೊಳ್ಳಲಿಲ್ಲ. ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಸಂಗಡಿಗರು, ಎಲ್ಲರೂ ಸಮವಯಸ್ಕ ತರುಣರು, ಮದೀನದಲ್ಲಿ 20 ರಾತ್ರಿ ತಂಗಿದರು. ಅವರಿಗೆ ಮನೆಯವರ ನೆನಪಾಗಿರುವುದನ್ನು ಪ್ರವಾದಿಯವರು(ಸ) ತಾವಾಗಿಯೇ ಗ್ರಹಿಸಿ, ಬಿಟ್ಟು ಬಂದವರ ಬಗ್ಗೆ ವಿಚಾರಿಸಿ, ನಿಮ್ಮ ಕುಟುಂಬಗಳ ಬಳಿಗೆ ಮರಳಿ ಅವರ ಜೊತೆಗಿರಿ, ಅವರಿಗೂ ಕಲಿಸಿರಿ ಎಂದು ಕಳುಹಿಸಿದರು. ಅಲ್ಲಾಹನ ಸಂದೇಶವಾಹಕರ ಸನ್ನಿಧಿಗಿಂತ ದೊಡ್ಡ ಯಾವ ಸಂಪಾದನೆಗಾಗಿ ನಾವು ಮನೆಯವರನ್ನು ಮರೆತಿದ್ದೇವೆ?

ಪತಿಯಿಂದ ದೂರವಿರುವ ಹೆಣ್ಣು ಎಷ್ಟು ಕಾಲ ತಾಳಿಕೊಳ್ಳಬಲ್ಲಳು ಎಂದು ಖಲೀಫ ಉಮರ್(ರ) ತಮ್ಮ ಮಗಳು ಹಫ್ಸಾರ(ರ) ಬಳಿ ಕೇಳಿ ತಿಳಿದು, ಅದರಂತೆ ಸೈನಿಕರ ಅವಧಿಯನ್ನು ಗೊತ್ತುಪಡಿಸಿದರೆಂಬ ವರದಿ ಚರಿತ್ರೆಯಲ್ಲಿದೆ. ಕೆಲವು ವರದಿಗಳಲ್ಲಿ ನಾಲ್ಕು ತಿಂಗಳು, ಕೆಲವುಗಳಲ್ಲಿ ಆರು ತಿಂಗಳು ಎಂದಿದೆ. ಎರಡು ವರ್ಷ, ಮೂರು ವರ್ಷ ಎಂದು ಯಾವ ವರದಿಯಲ್ಲಿಯೂ ಇಲ್ಲ. ಒಂದು ಸಾಮ್ರಾಜ್ಯದ ಸೈನ್ಯದ ವ್ಯವಸ್ಥೆ ಹೆಣ್ಣೊಬ್ಬಳ ಒಂಟಿತನಕ್ಕೆ ಮಣಿಯಿತು. ನಮ್ಮ ಊರುಗಳಲ್ಲಿ ಅದೇ ಒಂಟಿತನವನ್ನು ‘ಸಬ್ರ್’ ಎಂದು ಹೊಗಳಿ ಮುಚ್ಚಿಡುತ್ತೇವೆ. ಸಹನೆಯನ್ನು ಅಲ್ಲಾಹನು ಮೆಚ್ಚುತ್ತಾನೆ, ನಿಜ. ಅದನ್ನು ಇನ್ನೊಬ್ಬರ ಮೇಲೆ ಹೊರಿಸಿ ತಾನು ಮೇಲಂತಸ್ತು ಕಟ್ಟುವವನು ತನ್ನ ಸಹನೆಯ ಲೆಕ್ಕವನ್ನೇ ಕೊಡಬೇಕಾದೀತು.

ಬರಲಾಗದವರು

“ಬರಬಾರದೆಂಬ ಆಸೆ ಯಾರಿಗಿದೆ? ಬರಲು ಬಿಡಬೇಕಲ್ಲ!” ಎಂದು ಹೇಳುವವರ ಮಾತಿಗೆ ನಾನು ಎದುರಾಡುವುದಿಲ್ಲ. ಸಾಲ ಮಾಡಿ ವೀಸಾ ಪಡೆದವನು, ಪಾಸ್‌ಪೋರ್ಟನ್ನು ಮಾಲೀಕನ ಕೈಯಲ್ಲಿ ಬಿಟ್ಟವನು, ತಿಂಗಳುಗಟ್ಟಲೆ ಸಂಬಳ ಸಿಗದವನು ನಮ್ಮ ನಡುವೆ ಇದ್ದಾನೆ. ಸೌದಿಯಿಂದ ಊರಿಗೆ ಹೊರಡಲು ವರ್ಷಗಳ ಕಾಲ ಕಫೀಲನ ಒಪ್ಪಿಗೆ ಬೇಕಿತ್ತು. ಆ ನಿಯಮ ಬಹುಪಾಲು ಖಾಸಗಿ ಕಾರ್ಮಿಕರಿಗೆ ಸಡಿಲವಾದದ್ದು 2021ರ ಮಾರ್ಚ್‌ನಲ್ಲಿ. ಕುಟುಂಬವನ್ನು ಜೊತೆಗಿಟ್ಟುಕೊಂಡಿದ್ದವರ ಮೇಲೂ ಹೊರೆ ಬಿತ್ತು. 2017ರ ಜುಲೈಯಿಂದ ಅಲ್ಲಿ ಪ್ರತಿಯೊಬ್ಬ ಅವಲಂಬಿತನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಗಿ, ವರ್ಷಕ್ಕೆ ನೂರರಂತೆ ಏರುತ್ತಾ 2020ರ ಹೊತ್ತಿಗೆ 400 ರಿಯಾಲ್ ತಲುಪಿತು. ಪತ್ನಿ ಮತ್ತು ಮೂವರು ಮಕ್ಕಳಿದ್ದವನಿಗೆ ತಿಂಗಳಿಗೆ 1,600 ರಿಯಾಲ್. ನಮ್ಮ ಎಷ್ಟೋ ಕುಟುಂಬಗಳು ಆಗ ಊರಿಗೆ ಮರಳಿದವು, ಗಂಡಸರು ಮತ್ತೆ ಬ್ಯಾಚುಲರ್ ರೂಮು ಸೇರಿದರು. ಇವರ ಮೇಲೆ ಆರೋಪ ಹೊರಿಸುವುದು ಅನ್ಯಾಯ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಭಾರ ಹೊರಿಸುವುದಿಲ್ಲ.

ನನ್ನ ತಕರಾರು ಬರಬಲ್ಲವರ ಜೊತೆ. ಟಿಕೆಟಿನ ಹಣ ಉಳಿಸಿ ಮುಂದಿನ ವರ್ಷದ ಅಂತಸ್ತಿಗೆ ಹಾಕುವವರ ಜೊತೆ. ‘ಮುಂದಿನ ರಜೆಯಲ್ಲಿ ನೋಡೋಣ’ ಎನ್ನುವವರ ಜೊತೆ. ಮುಂದಿನ ರಜೆಯ ಭರವಸೆಯನ್ನು ಯಾರು ಕೊಟ್ಟಿದ್ದಾರೆ? 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿದಾಗ 158 ಮಂದಿ ತೀರಿಹೋದರು, ಉಳಿದವರು ಎಂಟು ಮಂದಿ. ನಮ್ಮ ಕರಾವಳಿಯ, ಕಾಸರಗೋಡಿನ ಎಷ್ಟು ಮನೆಗಳಲ್ಲಿ ಅಂದು ಒಲೆಯ ಮೇಲೆ ಅಡುಗೆ ಬೇಯುತ್ತಿತ್ತೋ ಅಲ್ಲಾಹನೇ ಬಲ್ಲ. ಅಂದು ಮನೆಯ ದಾರಿಯಲ್ಲಿದ್ದವರಿಗೆ ಅಲ್ಲಾಹನು ಮಗ್‌ಫಿರತ್ ನೀಡಲಿ. ಮನೆಯ ದಾರಿಯನ್ನೇ ಮುಂದೂಡುವ ನಮಗೆ ಅವರ ನೆನಪು ಎಚ್ಚರಿಕೆಯಾಗಲಿ.

ಹೆತ್ತವರನ್ನು ಅಲ್ಲಿಗೆ ಕರೆಸಿಕೊಂಡಾಗ

ತಾನು ಬರಲಾಗದವನು ಹೆತ್ತವರನ್ನು ಕರೆಸಿಕೊಳ್ಳುವುದು ಒಳ್ಳೆಯದು. ಯೂಸುಫ್(ಅ) ಹಾಗೆಯೇ ಮಾಡಿದರು. ಈಜಿಪ್ಟಿನ ಅಧಿಕಾರದ ಹೊಣೆ ಹೊತ್ತಿದ್ದ ಅವರು ಕುಟುಂಬವನ್ನೆಲ್ಲ ತನ್ನ ಬಳಿಗೆ ತರುವಂತೆ ಸೋದರರಿಗೆ ಹೇಳಿದರು. ವರ್ಷಗಳ ಅಗಲಿಕೆಯ ಬಳಿಕ ಬಂದ ಹೆತ್ತವರನ್ನು ಪೀಠದ ಮೇಲೆ ಕೂರಿಸಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ.

ನಾವು ವಿಸಿಟ್ ವೀಸಾದಲ್ಲಿ ಕರೆಸಿದ ತಾಯಿಯನ್ನು ಎಲ್ಲಿ ಕೂರಿಸುತ್ತೇವೆ? ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ, ತೊಟ್ಟಿಲ ಪಕ್ಕದಲ್ಲಿ. ಸೊಸೆಯ ಹೆರಿಗೆಯ ತಿಂಗಳು ನೋಡಿ ಟಿಕೆಟ್ ಮಾಡಿರುತ್ತೇವೆ. ಅಂಗಳದಲ್ಲಿ ನಾಲ್ಕು ಮಾತು ಆಡಿ ಬದುಕಿದವಳಿಗೆ ಅಲ್ಲಿ ಕಿಟಕಿಯಾಚೆ ಎದುರು ಕಟ್ಟಡದ ಎಸಿಗಳು ಮಾತ್ರ ಕಾಣುತ್ತವೆ. ಮೊಮ್ಮಗುವನ್ನು ಎತ್ತುವುದು ಅಜ್ಜಿಗೆ ಭಾರವಲ್ಲ, ಅದು ಅವಳ ಸಂತೋಷವೇ. ಆದರೆ ಸಂತೋಷದ ಹೆಸರಿನಲ್ಲಿ ಬೆಳಗ್ಗಿನಿಂದ ರಾತ್ರಿಯವರೆಗೆ ಅಡುಗೆಯನ್ನೂ ಮಗುವನ್ನೂ ಅವಳಿಗೆ ಒಪ್ಪಿಸಿ, ಕೊನೆಗೆ ಒಂದು ಉಮ್ರಾ ಮಾಡಿಸಿ ಕಳುಹಿಸಿದರೆ ಋಣ ತೀರಿತೆಂದು ತಿಳಿಯಬೇಡಿ. ಕರೆದದ್ದು ಭೇಟಿಗೋ ದುಡಿಮೆಗೋ ಎಂಬುದನ್ನು ಕರೆದವನ ಅಂತರಂಗ ಬಲ್ಲದು, ಅಲ್ಲಾಹನೂ ಬಲ್ಲ.

ಊರಿನಲ್ಲಿರುವವರಿಗೂ ಒಂದು ಮಾತು

ತಪ್ಪೆಲ್ಲ ಹೊರಗಿರುವವನದ್ದಲ್ಲ. ಅವನು ಮಸೀದಿಯ ಮೆಟ್ಟಿಲು ಇಳಿಯುವ ಮೊದಲೇ, “ಯಾವಾಗ ಬಂದದ್ದು? ವಾಪಸು ಯಾವಾಗ?” ಎಂದು ಒಂದೇ ಉಸಿರಿನಲ್ಲಿ ಕೇಳುವವರು ನಾವು. ಎರಡು ತಿಂಗಳು ಉಳಿದರೆ, “ಕೆಲಸ ಹೋಯಿತೇ?” ಎಂದು ಪಿಸುಗುಡುವವರು ನಾವು. ಊರಿನಲ್ಲೇ ಒಂದು ಅಂಗಡಿ ಹಾಕುತ್ತೇನೆ ಎಂದವನಿಗೆ, ಇಲ್ಲಿ ಏನಿದೆ ಎಂದು ಮತ್ತೆ ವಿಮಾನ ಹತ್ತಿಸುವವರೂ ನಾವೇ. ಮನೆಯ ಕಾಯಿಲೆ ಕಸಾಲೆಗಳನ್ನು ಅವನಿಂದ ಬಚ್ಚಿಡುತ್ತೇವೆ, ಖರ್ಚಿನ ಪಟ್ಟಿಯನ್ನು ಮಾತ್ರ ತಪ್ಪದೆ ಕಳುಹಿಸುತ್ತೇವೆ. ಹೀಗೆ ಅವನನ್ನು ಮನೆಯ ಸದಸ್ಯನ ಸ್ಥಾನದಿಂದ ಇಳಿಸಿ ಮನೆಯ ಬ್ಯಾಂಕನ್ನಾಗಿ ಮಾಡಿದವರು, ಅವನು ಬಂದು ನೆಂಟನಂತೆ ವರ್ತಿಸಿದನೆಂದು ದೂರುವುದರಲ್ಲಿ ನ್ಯಾಯವಿಲ್ಲ.

ಆದ್ದರಿಂದ ಬರುವವನು ಬರುವ ದಿನವನ್ನು ತಿಳಿಸಲಿ. ಮೊದಲು ಎರಡು ರಕ್‌ಅತ್ ನಮಾಝ್ ನಿರ್ವಹಿಸಲಿ. ಮೊದಲ ವಾರವನ್ನು ಯಾವ ಮದುವೆಗೂ ಯಾವ ಸಮಿತಿಗೂ ಕೊಡದೆ ಮನೆಯವರಿಗೆ ಕೊಡಲಿ. ತಾಯಿಯನ್ನು ತಾನೇ ಆಸ್ಪತ್ರೆಗೆ ಕರೆದೊಯ್ದು ಡಾಕ್ಟರ ಮಾತನ್ನು ತಾನೇ ಕೇಳಲಿ. ಪತ್ನಿಯ ಹೆತ್ತವರನ್ನು ಹೋಗಿ ಕಾಣಲಿ. ತಂದೆ ತೀರಿದ್ದರೆ ತಂದೆಯ ಹಳೆಯ ಗೆಳೆಯರ ಮನೆಗೆ ಹೋಗಲಿ. ಅದು ತಂದೆಗೆ ಸಲ್ಲಿಸುವ ಅತ್ಯುತ್ತಮ ಸೇವೆಯೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಮಾತು ಬಿಟ್ಟ ಮನೆಯ ಬಾಗಿಲನ್ನು ತಾನೇ ಮೊದಲು ತಟ್ಟಲಿ. ಮತ್ತು ಹೊರಡುವ ಮುನ್ನ ಪತ್ನಿಯ ಜೊತೆ ಕುಳಿತು, ಕೊನೆಯ ಬಾರಿ ಮರಳುವುದು ಯಾವ ವರ್ಷ ಎಂಬುದನ್ನು ತೀರ್ಮಾನಿಸಲಿ.

ನಾನು ಇದನ್ನು ತಡವಾಗಿ ಕಲಿತವನು. 2018ರ ರಜೆಯಲ್ಲಿ ನಾನು 45 ದಿನ ಊರಿನಲ್ಲಿದ್ದೆ. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಏಪ್ರಿಲ್‌ನಲ್ಲಿ ಉಮ್ಮ ತೀರಿಕೊಂಡರು. ಮೇ ತಿಂಗಳಲ್ಲಿ ‘ವಂದೇ ಭಾರತ್’ ವಿಮಾನಗಳು ಜನರನ್ನು ಊರಿಗೆ ತರಲು ಶುರು ಮಾಡುವ ಹೊತ್ತಿಗೆ ಅವರ ಗೋರಿಯ ಮಣ್ಣು ಒಣಗಿತ್ತು. ಜನಾಝವನ್ನು ನಾನು ಜುಬೈಲಿನ ಕೋಣೆಯಲ್ಲಿ ಮೊಬೈಲಿನ ಪರದೆಯ ಮೇಲೆ ನೋಡಿದೆ. ಕೋಣೆಯ ನಾಲ್ವರು ಸೇರಿ ಗಾಯಿಬ್ ಮಯ್ಯಿತ್ ನಮಾಝ್ ನಿರ್ವಹಿಸಿದೆವು. ಆ ರಾತ್ರಿ ನಿದ್ದೆ ಬಾರದೆ 2018ರ ಆ 45 ದಿನಗಳನ್ನು ಎಣಿಸಿದೆ. ಬೇರೆ ಯಾವ ಕೆಲಸವೂ ಇಲ್ಲದೆ, ಮೊಬೈಲ್ ಕೈಯಲ್ಲಿಲ್ಲದೆ, ಉಮ್ಮನ ಪಕ್ಕದಲ್ಲಿ ಸುಮ್ಮನೆ ಕುಳಿತ ಸಂಜೆಗಳು ನನ್ನ ನೆನಪಿಗೆ ಬಂದದ್ದು ಮೂರು.

ಹಿಜ್‌ರತ್‌ಗಾಗಿ ಹೆತ್ತವರನ್ನು ಅಳಿಸಿ ಬಂದವನೊಬ್ಬನಿಗೆ, ಮರಳಿ ಹೋಗಿ ಅವರನ್ನು ಅಳಿಸಿದಂತೆಯೇ ನಗಿಸು ಎಂದು ಪ್ರವಾದಿಯವರು(ಸ) ಆಜ್ಞಾಪಿಸಿದ್ದರು. ಈ ಲೇಖನವನ್ನು ಓದುತ್ತಿರುವ ನಿಮ್ಮ ಹೆತ್ತವರು ಬದುಕಿದ್ದರೆ, ಆ ಆಜ್ಞೆಯನ್ನು ಪಾಲಿಸುವ ಅವಕಾಶ ನಿಮ್ಮ ಮುಂದೆ ಇನ್ನೂ ತೆರೆದಿದೆ.

ದೂರದಲ್ಲಿರುವ ನಮ್ಮೆಲ್ಲ ಸೋದರರನ್ನು ಅಲ್ಲಾಹನು ಕ್ಷೇಮವಾಗಿ ಅವರವರ ಮನೆಗೆ ಮರಳಿಸಲಿ. ಕಾದು ಕುಳಿತವರ ಹಕ್ಕನ್ನು ತೀರಿಸುವ ಸೌಭಾಗ್ಯವನ್ನು ನಮಗೆ ಕರುಣಿಸಲಿ. ನಮ್ಮನ್ನು ಅಗಲಿ ಹೋದ ಹೆತ್ತವರೊಂದಿಗೆ, ಮತ್ತೆ ಅಗಲಿಕೆಯಿಲ್ಲದ ಆ ಮನೆಯಲ್ಲಿ ನಮ್ಮನ್ನು ಸೇರಿಸಲಿ. ಆಮೀನ್.